ಮೊದಲು ಬೆಂಚು, ಆಮೇಲೆ ಸಾಹೇಬರ ಕುರ್ಚಿ



ಇವತ್ತಿನ ಮಾತು ಮೇಜು, ಕುರ್ಚಿ, ಬೆಂಚು, ಕಪಾಟುಗಳ ಬಗ್ಗೆ. ಮನೆಯವಲ್ಲ, ಶಿಕ್ಷಣ ಇಲಾಖೆಯ ಕಚೇರಿಯವು. ಊರು ಮುಂಬಯಿ ಮತ್ತು ಅದರ ಉಪನಗರ. ಹೊಸ ಕಚೇರಿ ಕಟ್ಟಡವೊಂದು ಎದ್ದು ನಿಂತಿದೆ ಎಂದುಕೊಳ್ಳಿ. ಸುಣ್ಣಬಣ್ಣ ಆಗಿದೆ. ನಲ್ಲಿಯಲ್ಲಿ ನೀರು ಬರುತ್ತಿದೆ. ಕೋಣೆಗಳೆಲ್ಲ ಖಾಲಿ. ಒಳಗೆ ಏನೇನು ತಂದಿಡಬೇಕು? ಅದಕ್ಕಿಂತ ಹೆಚ್ಚಾಗಿ, ಯಾವುದನ್ನು ಮೊದಲು ತರಬೇಕು?

ಸಾಮಾನ್ಯವಾಗಿ ಮೊದಲು ಬರುವುದು ಸಾಹೇಬರ ಮೇಜು. ಅದರ ಬೆನ್ನಿಗೆ ಸಾಹೇಬರ ತಿರುಗುವ ಕುರ್ಚಿ, ಎದುರಿಗೆ ಸೋಫಾ, ಮೂಲೆಗೊಂದು ಹೂದಾನಿ. ಆಮೇಲೆ ಗುಮಾಸ್ತರ ಮೇಜುಗಳು. ಆಮೇಲೆ ಫೈಲುಗಳ ಕಪಾಟು. ದುಡ್ಡು ಉಳಿದರೆ ಹೊರಗಿನ ಪಡಸಾಲೆಗೆ ಎರಡು ಬೆಂಚು. ಈ ಸಾಲನ್ನು ತಿರುವಿ ಹಾಕಬೇಕು ಎನ್ನುವುದು ನನ್ನ ವಾದ. ಮೊದಲು ಹೊರಗಿನಿಂದ ಬರುವವರಿಗೆ. ಆಮೇಲೆ ದಾಖಲೆಗಳಿಗೆ. ಆಮೇಲೆ ಗುಮಾಸ್ತರಿಗೆ. ಸಾಹೇಬರ ಸರದಿ ಕಟ್ಟಕಡೆಗೆ. ಇಂದು ಹೇಳುವುದೆಲ್ಲ ಈ ಒಂದೇ ಮಾತಿನ ಸುತ್ತ.

ಮುಂಬಯಿಯ ಶಿಕ್ಷಣ ಕಚೇರಿ ಎಂದರೆ ಯಾವುದು? ಕರ್ನಾಟಕದಲ್ಲಿ ಕೇಳುತ್ತಿರುವವರಿಗೆ ತಮ್ಮ ಕಡೆಯ ಉತ್ತರ ಸುಲಭ. ತಾಲೂಕಿಗೆ ಬಿಇಒ, ಜಿಲ್ಲೆಗೆ ಡಿಡಿಪಿಐ. ಮಹಾರಾಷ್ಟ್ರದ ಉಳಿದ ಜಿಲ್ಲೆಗಳಲ್ಲಿ ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿ. ಆದರೆ ಮುಂಬಯಿಯಲ್ಲಿ ಜಿಲ್ಲಾ ಪರಿಷತ್ತೇ ಇಲ್ಲ. ಮುಂಬಯಿ ನಗರ ಒಂದು ಜಿಲ್ಲೆ. 1990ರಲ್ಲಿ ಉಪನಗರ ಬೇರೆ ಜಿಲ್ಲೆಯಾಯಿತು. ಎರಡರಲ್ಲೂ ಪರಿಷತ್ತು ಇಲ್ಲ. ಹಾಗಾಗಿ ಶಾಲೆಗಳ ಆಡಳಿತ ಎರಡು ಹಳಿಗಳ ಮೇಲೆ ಓಡುತ್ತದೆ. ಮಹಾನಗರ ಪಾಲಿಕೆಯ ಶಿಕ್ಷಣ ವಿಭಾಗ ಒಂದು. ಕನ್ನಡವೂ ಸೇರಿ ಎಂಟು ಮಾಧ್ಯಮಗಳ ಶಾಲೆಗಳನ್ನು ನಡೆಸುತ್ತ ಬಂದ ವಿಭಾಗ ಅದು. ವಾರ್ಡಿಗೊಬ್ಬ ಆಡಳಿತಾಧಿಕಾರಿ, ಅವರ ಕೈಕೆಳಗೆ ಬೀಟ್ ಆಫೀಸರುಗಳು. ಇನ್ನೊಂದು ಹಳಿ ರಾಜ್ಯ ಸರಕಾರದ್ದು. ಅಲ್ಲಿ ಮೂವರು ಶಿಕ್ಷಣ ನಿರೀಕ್ಷಕರು. ದಕ್ಷಿಣ ವಿಭಾಗಕ್ಕೊಬ್ಬರು, ಉತ್ತರಕ್ಕೊಬ್ಬರು, ಪಶ್ಚಿಮಕ್ಕೊಬ್ಬರು. ಅವರ ಮೇಲೆ ಉಪಸಂಚಾಲಕರು, ಅಂದರೆ ಉಪನಿರ್ದೇಶಕರು.

ಈ ಕಚೇರಿಗಳು ಎಲ್ಲಿವೆ ಎಂದು ನೋಡಿದರೆ ತಮಾಷೆ ಎನಿಸುತ್ತದೆ. ಉಪಸಂಚಾಲಕರ ಕಚೇರಿ ಚರ್ನಿ ರೋಡಿನ ಜವಾಹರ ಬಾಲಭವನದಲ್ಲಿ. ಹೆಸರೇ ಹೇಳುವಂತೆ ಅದು ಮಕ್ಕಳಿಗಾಗಿ ಕಟ್ಟಿದ ಭವನ. ಪಶ್ಚಿಮ ವಿಭಾಗದ್ದು ಜೋಗೇಶ್ವರಿಯ ಇಸ್ಮಾಯಿಲ್ ಯೂಸುಫ್ ಕಾಲೇಜಿನ ಆವರಣದಲ್ಲಿ. ಪಾಲಿಕೆಯ ಶಿಕ್ಷಣಾಧಿಕಾರಿಗಳದು ಕರಿ ರೋಡಿನ ತ್ರಿವೇಣಿ ಸಂಗಮ ಶಾಲೆಯ ಕಟ್ಟಡದಲ್ಲಿ. ಶಾಲೆಗಳನ್ನು ಆಳುವ ಕಚೇರಿಗಳು ಶಾಲೆ ಕಾಲೇಜುಗಳಲ್ಲೇ ಬಿಡಾರ ಹೂಡಿವೆ. ತರಗತಿಯ ಕೋಣೆ ಕಚೇರಿಯಾದಾಗ ಸಾಮಾನುಗಳೂ ಕಲಬೆರಕೆಯಾಗುತ್ತವೆ. ಗೋಡೆಯ ಮೇಲೆ ಕರಿಹಲಗೆ ಹಾಗೇ ಇರುತ್ತದೆ, ಅದರ ಮುಂದೆ ಕಪಾಟು. ಹೊಸ ಕಟ್ಟಡ ಎಂದಾಗ ಆಸೆ ಹುಟ್ಟುವುದು ಇದಕ್ಕೇ. ಒಮ್ಮೆಯಾದರೂ ಕಚೇರಿಗೆಂದೇ ಯೋಚಿಸಿ ಸಾಮಾನು ಹಾಕಬಹುದಲ್ಲ ಎಂದು.

ಇದು ಕಚೇರಿಯ ಪರಿಚಯವಾಯಿತು. ಇನ್ನು ಅಲ್ಲಿಗೆ ಬರುವವರು ಯಾರು?

ತಾಯಂದಿರು ಬರುತ್ತಾರೆ. ಮಗನ ಹೆಸರಿನಲ್ಲಿ ಒಂದಕ್ಷರ ತಪ್ಪಿದೆ. ಶಾಲೆಯ ಜನರಲ್ ರಜಿಸ್ಟರಿನಲ್ಲಿ ಒಮ್ಮೆ ಬರೆದದ್ದನ್ನು ಮುಖ್ಯೋಪಾಧ್ಯಾಯರು ತಮ್ಮಷ್ಟಕ್ಕೆ ತಿದ್ದುವಂತಿಲ್ಲ, ಮೇಲಿನ ಅನುಮತಿ ಬೇಕು. ನಿವೃತ್ತ ಶಿಕ್ಷಕರು ಬರುತ್ತಾರೆ, ಪಿಂಚಣಿಯ ಕಾಗದ ಹಿಡಿದುಕೊಂಡು. ಅನುದಾನಿತ ಶಾಲೆಗಳ ಕ್ಲಾರ್ಕುಗಳು ಬರುತ್ತಾರೆ, ಸಂಬಳದ ಬಿಲ್ಲಿಗಾಗಿ. ಆ ವಿಭಾಗಕ್ಕೆ ಇಲ್ಲಿ ವೇತನ ಪಥಕ ಎನ್ನುತ್ತಾರೆ. ಶೇಕಡ 25ರ ಮೀಸಲು ಸೀಟಿನಲ್ಲಿ ಮಗುವಿಗೆ ಖಾಸಗಿ ಶಾಲೆ ಸಿಕ್ಕೀತೇ ಎಂದು ಕೇಳುವ ತಂದೆಯರೂ ಬರುತ್ತಾರೆ. ಅವರಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದಾರೆ. ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ವಿರಾರಿನಿಂದಲೋ ಮುಲುಂಡಿನಿಂದಲೋ ಲೋಕಲ್ಲಿನಲ್ಲಿ ನಿಂತುಕೊಂಡೇ ಬಂದಿರುತ್ತಾರೆ. ಬಂದವರಿಗೆ ಮೊದಲು ಬೇಕಾದದ್ದು ಕೂರಲು ಜಾಗ.

ಆ ಬೆಂಚಿನ ಮಾತನ್ನು ಸ್ವಲ್ಪ ನಿಧಾನವಾಗಿಯೇ ಆಡುತ್ತೇನೆ.

ಇತ್ತೀಚೆಗೆ ಕಚೇರಿಗಳಲ್ಲಿ ಒಂದು ಬಗೆಯ ಆಸನ ಬಂದಿದೆ. ನೀವೂ ನೋಡಿರುತ್ತೀರಿ. ತೂತು ತೂತಿನ ಉಕ್ಕಿನ ತಗಡು. ಮೂರು ಆಸನ ಒಂದೇ ಕಂಬಿಗೆ ಜೋಡಿಸಿರುತ್ತದೆ. ನಡುನಡುವೆ ಕೈ ಇಡುವ ಕಂಬಿ. ವಿಮಾನ ನಿಲ್ದಾಣದಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಸರಕಾರಿ ಕಚೇರಿಗೆ ಹಬ್ಬಿದ ವಸ್ತು ಇದು. ಒರೆಸಲು ಸುಲಭ, ಗೆದ್ದಲು ತಿನ್ನುವುದಿಲ್ಲ. ಇಷ್ಟು ಒಳ್ಳೆಯ ಗುಣ ಒಪ್ಪಿಕೊಳ್ಳೋಣ. ಆದರೆ ಮೂವರ ಆಸನದಲ್ಲಿ ಮೂವರೇ ಕೂರಬಹುದು. ಜೊತೆಗೆ ಬಂದ ಮಗುವಿಗೆ ಜಾಗವಿಲ್ಲ. ಚೀಲ ಇಡಲು ಜಾಗವಿಲ್ಲ. ಬಸುರಿ ಹೆಂಗಸು ಒಂದು ಕಡೆ ಒರಗಿ ಕೂರುವಂತಿಲ್ಲ.

ಮುಂಬಯಿಯ ಲೋಕಲ್ ರೈಲು ಇದನ್ನು ಬಹಳ ಹಿಂದೆಯೇ ಬಗೆಹರಿಸಿದೆ. ಅಲ್ಲಿ ಎರಡನೆಯ ದರ್ಜೆಯ ಸೀಟು ಮೂವರಿಗೆಂದು ಮಾಡಿದ್ದು. ಆದರೆ ನಾಲ್ಕನೆಯವರು ಬಂದು ಬೆರಳಿನಲ್ಲೇ 'ಸ್ವಲ್ಪ ಸರಿಯಿರಿ' ಎಂದು ಸನ್ನೆ ಮಾಡುತ್ತಾರೆ. ಮೂವರೂ ತುಸು ಸರಿಯುತ್ತಾರೆ. ನಾಲ್ಕನೆಯವರು ಅರ್ಧ ಕೂರುತ್ತಾರೆ, ಅರ್ಧ ನಿಲ್ಲುತ್ತಾರೆ. ಯಾವ ನಿಯಮದಲ್ಲೂ ಇಲ್ಲದ ಈ ನಾಲ್ಕನೆಯ ಸೀಟು ಉಳಿದಿರುವುದು ಸೀಟಿನ ನಡುವೆ ಕಂಬಿ ಇಲ್ಲದ ಕಾರಣಕ್ಕೆ. ಶಿಕ್ಷಣ ಕಚೇರಿಗೂ ಅಂಥ ಅಖಂಡ ಬೆಂಚೇ ಬೇಕು. ಉದ್ದವಾದ ಮರದ ಹಲಗೆ. ಬೆನ್ನಿಗೆ ಒರಗು. ಎತ್ತರ ಒಂದೂವರೆ ಅಡಿ, ಅದಕ್ಕಿಂತ ತಗ್ಗು ಬೇಡ. ತಗ್ಗಿನ ಬೆಂಚಿನಿಂದ ವಯಸ್ಸಾದ ಮಾಸ್ತರರು ಏಳುವಾಗ ಮಂಡಿ ಹಿಡಿದುಕೊಳ್ಳುತ್ತದೆ. ಅವರಿಗೆ ಊರಿ ಏಳಲು ಬೆಂಚಿನ ಎರಡು ತುದಿಗೆ ಮಾತ್ರ ಕೈ ಇರಲಿ. ನಡುವೆ ಬೇಡ.

ಬೆಂಚನ್ನು ಎಲ್ಲಿ ಇಡಬೇಕು ಎನ್ನುವುದೂ ಮುಖ್ಯ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಬೇಡ. ಶೌಚಾಲಯದ ಬಾಗಿಲಿಗೆ ಎದುರಾಗಿ ಬೇಡ. ಫ್ಯಾನಿನ ಕೆಳಗೆ ಇರಲಿ. ಅಲ್ಲಿಂದ ಗುಮಾಸ್ತರ ಕಿಟಕಿ ಕಾಣುತ್ತಿರಲಿ. ಕಿಟಕಿ ಕಾಣದಿದ್ದರೆ ಜನ ಬೆಂಚಿನಲ್ಲಿ ಕೂರುವುದೇ ಇಲ್ಲ. ತಮ್ಮ ಸರದಿ ತಪ್ಪೀತೆಂದು ಬಾಗಿಲಿಗೆ ಬಂದು ಮುತ್ತುತ್ತಾರೆ. ಆಗ ಸಿಪಾಯಿ ಗದರುತ್ತಾನೆ. ಅಲ್ಲಿ ತಪ್ಪು ಜನರದೂ ಅಲ್ಲ, ಸಿಪಾಯಿಯದೂ ಅಲ್ಲ, ಬೆಂಚು ಇಟ್ಟ ಜಾಗದ್ದು. ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಖಾಲಿ ನೆಲ ಬಿಡಬೇಕು. ಖಾಲಿ ಬಿಟ್ಟ ಜಾಗವೂ ಒಂದು ಸಾಮಾನೇ. ಯಾದಿಯಲ್ಲಿ ಅದನ್ನೂ ಬರೆಯಬೇಕು. ಇಲ್ಲದಿದ್ದರೆ ಮರುವಾರ ಅಲ್ಲಿ ಜೆರಾಕ್ಸ್ ಯಂತ್ರ ಬಂದು ಕೂರುತ್ತದೆ.

ಬೆಂಚಿನ ಮಾತಾಯಿತು. ಬಂದವರು ಕುಳಿತರು. ಈಗ ಅವರು ಅರ್ಜಿ ಬರೆಯಬೇಕು. ಎಲ್ಲಿ ಬರೆಯುತ್ತಾರೆ?

ಗೋಡೆಗೆ ಒತ್ತಿ ಬರೆಯುತ್ತಾರೆ. ತೊಡೆಯ ಮೇಲೆ ಬರೆಯುತ್ತಾರೆ. ಗಂಡನ ಬೆನ್ನ ಮೇಲೆ ಕಾಗದ ಇಟ್ಟು ಬರೆಯುವ ಹೆಂಡತಿಯರನ್ನು ಈ ಊರಿನ ಎಲ್ಲ ಕಚೇರಿಗಳಲ್ಲೂ ಕಾಣಬಹುದು. ಹಳೆಯ ಅಂಚೆ ಕಚೇರಿಗಳಲ್ಲಿ ಇದಕ್ಕೊಂದು ವ್ಯವಸ್ಥೆ ಇತ್ತು. ಗೋಡೆಯುದ್ದಕ್ಕೂ ಎದೆಯೆತ್ತರದ ಇಳಿಜಾರು ಹಲಗೆ. ಅದರ ಮೇಲೆ ದಾರ ಕಟ್ಟಿದ ಪೆನ್ನು, ಅಂಟಿನ ಬಟ್ಟಲು. ನಿಂತುಕೊಂಡೇ ನಾಲ್ಕಾರು ಜನ ಬರೆಯಬಹುದಿತ್ತು. ಬಡಗಿಗೆ ಒಂದು ದಿನದ ಕೆಲಸ. ಆದರೂ ಹೊಸ ಕಟ್ಟಡಗಳ ಯಾದಿಯಲ್ಲಿ ಇದು ಕಾಣುವುದಿಲ್ಲ. ಜೊತೆಗೆ ಕೂತು ಬರೆಯುವವರಿಗೆ ಎರಡೂವರೆ ಅಡಿ ಎತ್ತರದ ಒಂದು ಮೇಜೂ ಬೇಕು. ಗಾಲಿಕುರ್ಚಿಯಲ್ಲಿ ಬಂದವರ ಮೊಣಕಾಲು ಅದರ ಕೆಳಗೆ ಹೋಗುವಂತಿರಬೇಕು.

ಒಳಗೆ ಈ ಮೇಜು ಇಲ್ಲದಿದ್ದರೆ ಏನಾಗುತ್ತದೆ? ಅದು ಹೊರಗೆ ಹುಟ್ಟಿಕೊಳ್ಳುತ್ತದೆ. ಬಾಂದ್ರಾ ಪೂರ್ವದಲ್ಲಿ ಉಪನಗರ ಜಿಲ್ಲಾಧಿಕಾರಿಗಳ ಕಚೇರಿ ಇದೆ. ಅಂಥ ಯಾವ ಕಚೇರಿಯ ಹೊರಗೆ ಹೋದರೂ ಫುಟ್‌ಪಾತಿನ ಮೇಲೊಂದು ಕಚೇರಿ ಸಿಗುತ್ತದೆ. ಮಡಚುವ ಮೇಜು, ಪ್ಲಾಸ್ಟಿಕ್ ಸ್ಟೂಲು, ತಲೆಯ ಮೇಲೆ ನೀಲಿ ತಾಡಪಾಲು. ಫೋರ್ಟಿನ ನ್ಯಾಯಾಲಯಗಳ ಹೊರಗೆ ಟೈಪಿಸ್ಟರು ಹಾಗೆಯೇ ತಲೆಮಾರು ಕಳೆದರು. ಟೈಪ್‌ರೈಟರ್ ಹೋಗಿ ಲ್ಯಾಪ್‌ಟಾಪ್ ಬಂತು, ಮೇಜು ಅದೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಜನರಿಗೆ ಬೇಕಾದದ್ದನ್ನು ಕೊಡುತ್ತಾರೆ, ಕೂರಿಸುತ್ತಾರೆ, 'ಬಸಾ ತಾಈ', ಕೂತುಕೊಳ್ಳಿ ಅಕ್ಕಾ, ಎನ್ನುತ್ತಾರೆ. ಆದರೆ ಹೆಸರು ತಿದ್ದುಪಡಿಯ ಒಂದು ಹಾಳೆ ಅರ್ಜಿಗೆ ಕೂಲಿಯವನು ಅಲ್ಲಿ ಕೊಡುವ ದುಡ್ಡು ಒಳಗೆ ಒಂದು ಹಲಗೆ ಇಲ್ಲದ್ದಕ್ಕೆ ತೆರುವ ಬೆಲೆ. ಗೋಡೆಯ ಮೇಲೆ ತುಂಬಿದ ಅರ್ಜಿಯ ಮಾದರಿಯೊಂದನ್ನು ತೂಗುಹಾಕಿದರೆ ಇನ್ನೂ ಒಳ್ಳೆಯದು. ಎಂಟು ಮಾಧ್ಯಮದ ಶಾಲೆ ನಡೆಸುವ ನಗರ ಎಂಟು ಮಾದರಿ ಅಂಟಿಸಲು ಹಿಂಜರಿಯಬಾರದು.

ಬೆಂಚು, ಬರೆಯುವ ಹಲಗೆ. ಬರುವವರಿಗೆ ಬೇಕಾದ ಸಾಮಾನು ಇಷ್ಟೇ. ಇನ್ನು ಎರಡನೆಯವರ ಸರದಿ. ಈ ಎರಡನೆಯವರು ಮನುಷ್ಯರಲ್ಲ, ಕಾಗದಗಳು.

ಕೇಳುಗರೇ, ಶಿಕ್ಷಣ ಕಚೇರಿಯ ಕಾಗದ ಬೇರೆ ಕಚೇರಿಯ ಕಾಗದದಂತಲ್ಲ. ಇದು ಮುದಿಯಾದಷ್ಟೂ ಬೆಲೆ ಏರುವ ಕಾಗದ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಹೋದವರಿಗೆ ಇದು ಗೊತ್ತು. ಪರಿಶಿಷ್ಟ ಜಾತಿ, ಪಂಗಡದವರಾದರೆ 1950ಕ್ಕೆ ಹಿಂದಿನ ಪುರಾವೆ ಕೇಳುತ್ತಾರೆ. ವಿಮುಕ್ತ ಜಾತಿ, ಅಲೆಮಾರಿ ಪಂಗಡಗಳಾದರೆ 1961ಕ್ಕೆ ಹಿಂದಿನದು. ಇತರ ಹಿಂದುಳಿದ ವರ್ಗವಾದರೆ 1967ಕ್ಕೆ ಹಿಂದಿನದು. ಅಷ್ಟು ಹಳೆಯ ಪುರಾವೆ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಜಮೀನಿಲ್ಲ, ಹಾಗಾಗಿ ಉತಾರ ಇಲ್ಲ. ಉಳಿಯುವುದು ಒಂದೇ. ಅಜ್ಜ ಎರಡನೇ ಇಯತ್ತೆವರೆಗೆ ಶಾಲೆಗೆ ಹೋಗಿದ್ದ. ಆ ಶಾಲೆಯ ಜನರಲ್ ರಜಿಸ್ಟರಿನ ಒಂದು ಸಾಲು. ಆ ಸಾಲಿದ್ದರೆ ಮೊಮ್ಮಗಳು ವೈದ್ಯಕೀಯ ಕಾಲೇಜು ಸೇರುತ್ತಾಳೆ.

2023ರಲ್ಲಿ ಮರಾಠಾ ಮೀಸಲಾತಿಯ ಚಳವಳಿ ಬಿಸಿಯಾದಾಗ ಇಡೀ ರಾಜ್ಯಕ್ಕೆ ಇದು ಅರಿವಾಯಿತು. ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿ ನೇಮಕವಾಯಿತು. ಮರಾಠರಿಗೆ ಹಿಂದುಳಿದ ವರ್ಗದ ಮೀಸಲಾತಿಗೆ ದಾರಿಯಾಗುವ, ಕುಣಬಿ ಎಂದು ಬರೆದ ಹಳೆಯ ದಾಖಲೆ ಹುಡುಕುವುದು ಅದರ ಕೆಲಸ. ಕಂದಾಯದ ಕಡತಗಳ ಜೊತೆಗೆ ಶಾಲೆಯ ಹಳೆಯ ರಜಿಸ್ಟರುಗಳನ್ನೂ ಕೆಳಗಿಳಿಸಿದರು. ಹಳೆಯ ಮರಾಠಿಯ ಮೋಡಿ ಲಿಪಿ ಓದಬಲ್ಲವರನ್ನು ಹುಡುಕಿ ಕರೆತಂದರು. ಕೊನೆಗೆ ಸಿಕ್ಕ ನಮೂದುಗಳು 50 ಲಕ್ಷಕ್ಕೂ ಹೆಚ್ಚು. ಆ ರಜಿಸ್ಟರುಗಳು ಉಳಿದದ್ದು ಯಾರೋ ಹೆಸರಿಲ್ಲದ ಗುಮಾಸ್ತನೊಬ್ಬ ಅವನ್ನು ಒಣ ಜಾಗದಲ್ಲಿ ಇಟ್ಟಿದ್ದರಿಂದ. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಶಾಲೆಗಳೂ 1956ರ ವರೆಗೆ ಇದೇ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ಹಳೆ ಶಾಲೆಗಳ ಕಪಾಟುಗಳಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಕಪಾಟು ಎಂಥದಿರಬೇಕು? ಮುಂಬಯಿಯಲ್ಲಿ ಈ ಪ್ರಶ್ನೆಗೆ ಉತ್ತರ ಒಂದು ಹೆಸರಿನಲ್ಲಿ ಬರುತ್ತದೆ. ಗೋದ್ರೇಜ್. 1897ರಲ್ಲಿ ಲಾಲ್‌ಬಾಗಿನಲ್ಲಿ ಬೀಗ ಮಾಡಲು ತೊಡಗಿದ ಮನೆತನ. 1923ರಲ್ಲಿ ಉಕ್ಕಿನ ಕಪಾಟು ತಂದರು. ಆಮೇಲೆ ವಿಕ್ರೋಲಿಯಲ್ಲಿ ಕಾರ್ಖಾನೆ. ಮೊದಲ ಮಹಾಚುನಾವಣೆಗೆ ಲಕ್ಷಾಂತರ ಮತಪೆಟ್ಟಿಗೆಗಳು ಅಲ್ಲಿಂದಲೇ ಹೋದವು. ಯಾವ ಕಂಪನಿಯದಾದರೂ ಸರಿ, ಜನ ಉಕ್ಕಿನ ಕಪಾಟಿಗೆ ಗೋದ್ರೇಜ್ ಎಂದೇ ಹೇಳುತ್ತಾರೆ. ಅದಕ್ಕೆ ಮೊದಲು ಮರದ ಕಪಾಟು ಇತ್ತು, ಬಟ್ಟೆಯಲ್ಲಿ ಕಟ್ಟಿದ ದಫ್ತರದ ಗಂಟು ಇತ್ತು. ಆ ಕಾಲದ ಮುಂಬಯಿಗೆ ಒಳ್ಳೆಯ ಮರ ಬರುತ್ತಿದ್ದುದು ನಮ್ಮ ಕಡೆಯಿಂದ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಯ ಕಾಡಿನ ತೇಗ ಕಡಲ ದಾರಿಯಲ್ಲಿ ಇಲ್ಲಿಗೆ ಹರಿಯಿತು. ದಾಂಡೇಲಿಯ ತೇಗಕ್ಕೆ ಇವತ್ತಿಗೂ ಹೆಸರಿದೆ. ಬೆಂಚಿಗೆ ನನ್ನ ಓಟು ಆ ತೇಗಕ್ಕೇ. ಆದರೆ ದಾಖಲೆಗೆ ಉಕ್ಕೇ ಸರಿ. ಗೆದ್ದಲಿಗೆ ಅದು ಜಗ್ಗುವುದಿಲ್ಲ.

ಉಕ್ಕಿಗೂ ವೈರಿಗಳಿದ್ದಾರೆ. ಒಂದು ಕಡಲ ಗಾಳಿ. ಚರ್ನಿ ರೋಡಿನಂಥ ಕಡೆ ಕಿಟಕಿ ತೆರೆದರೆ ಉಪ್ಪು ಒಳಗೆ ಬರುತ್ತದೆ. ಬಣ್ಣ ಎದ್ದ ಕಡೆ ತುಕ್ಕು ಹಿಡಿಯುತ್ತದೆ, ತುಕ್ಕು ಕಾಗದಕ್ಕೆ ಅಂಟುತ್ತದೆ. ಇನ್ನೊಂದು ಮಳೆ. ಮುಂಬಯಿಯಲ್ಲಿ ನಾಲ್ಕು ತಿಂಗಳಿಗೆ ಸುಮಾರು 2,300 ಮಿಲಿಮೀಟರ್ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿಯಿತು. ಅಂದು ನೆಲಮಾಳಿಗೆ, ನೆಲಮಹಡಿಗಳಲ್ಲಿ ಕೆಳಗಿನ ಖಾನೆಯಲ್ಲಿ ಇದ್ದ ಕಾಗದ ಮುದ್ದೆಯಾಯಿತು. ಕುರ್ಲಾ, ಕಲೀನಾದ ಕಡೆಯವರನ್ನು ಕೇಳಿ. ಹಾಗಾಗಿ ರಜಿಸ್ಟರುಗಳ ಕೋಣೆ ನೆಲಮಹಡಿಯಲ್ಲಿ ಬೇಡವೇ ಬೇಡ. ಮೇಲಿನ ಮಹಡಿಯಲ್ಲೂ ಕಪಾಟು ನೆಲಕ್ಕೆ ತಾಗಿ ಕೂರಬಾರದು. ಮುಂಬಯಿಯ ಜನ ಮನೆಯಲ್ಲಿ ಕಪಾಟಿನ ನಾಲ್ಕು ಕಾಲಿಗೆ ನಾಲ್ಕು ಇಟ್ಟಿಗೆ ಕೊಡುತ್ತಾರೆ. ಹೊಸ ಕಚೇರಿಯಲ್ಲಿ ಇಟ್ಟಿಗೆ ಚೆಂದ ಕಾಣದು ಎಂದರೆ ಕಬ್ಬಿಣದ ಮಣೆ ಮಾಡಿಸಲಿ. ಗೋಡೆಯಿಂದ ಒಂದು ಗೇಣು ದೂರ ಇರಲಿ. ಮಳೆಗಾಲದ ಗೋಡೆ ಇಲ್ಲಿ ಬೆವರುತ್ತದೆ.

ಮೂರನೆಯ ವೈರಿ ಬೆಂಕಿ. 2012ರ ಜೂನ್ 21ರಂದು ಇಲ್ಲಿಯ ಮಂತ್ರಾಲಯಕ್ಕೆ, ಅಂದರೆ ರಾಜ್ಯ ಸರಕಾರದ ಸಚಿವಾಲಯಕ್ಕೆ, ಬೆಂಕಿ ಬಿತ್ತು. ಮೇಲಿನ ಮಹಡಿಗಳು ಸುಟ್ಟವು, ಸಾವಿರಾರು ಫೈಲುಗಳು ಬೂದಿಯಾದವು. ಕಾಗದವಿಲ್ಲದ ಕಚೇರಿಯ ಮಾತು ಜೋರಾದದ್ದು ಆಮೇಲೆ. ಸ್ಕ್ಯಾನ್ ಮಾಡಿಡಬೇಕು, ನಿಜ. ಆದರೆ ಜಾತಿ ಪರಿಶೀಲನೆಯ ಸಮಿತಿಯವರು, ನ್ಯಾಯಾಲಯದವರು ಕೊನೆಗೆ ಕೇಳುವುದು ಮೂಲ ಪುಸ್ತಕವನ್ನೇ.

ಇನ್ನೊಂದು ಮಾತು ಕಟ್ಟಡದ ಇಂಜಿನಿಯರರಿಗೆ. ಸಾಮಾನ್ಯ ಕಚೇರಿಯ ನೆಲವನ್ನು ಚದರ ಮೀಟರಿಗೆ 250ರಿಂದ 400 ಕಿಲೋ ಭಾರಕ್ಕೆಂದು ಲೆಕ್ಕ ಹಾಕುತ್ತಾರೆ. ಕಾಗದ ತುಂಬಿದ ಒಂದು ಉಕ್ಕಿನ ಕಪಾಟು 200 ಕಿಲೋ ದಾಟುತ್ತದೆ. ಅದು ನಿಲ್ಲುವುದು ಅರ್ಧ ಚದರ ಮೀಟರಿಗೂ ಕಡಿಮೆ ಜಾಗದಲ್ಲಿ. ಅಂಥವು ಇಪ್ಪತ್ತು ಸಾಲಾಗಿ ನಿಂತರೆ? ಹಳಿಯ ಮೇಲೆ ಜಾರುವ ಹೊಸ ಬಗೆಯ ರ್‍ಯಾಕುಗಳಂತೂ ಇನ್ನೂ ಭಾರ. ಪ್ರತಿ ಮಳೆಗಾಲಕ್ಕೂ ಪಾಲಿಕೆ ಅಪಾಯದ ಕಟ್ಟಡಗಳ ಯಾದಿ ಹೊರಡಿಸುವ ಊರು ಇದು. ಕಪಾಟು ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ನೆಲ ಹಾಕುವ ಮೊದಲೇ ಹೇಳಬೇಕು.

ಕಪಾಟಿನ ಮಾತು ಮುಗಿಸುವ ಮೊದಲು ಒಂದು ಸಣ್ಣ ತಿರುವು. ಇಡೀ ಕಚೇರಿಯೇ ಒಂದು ಕಪಾಟಿನೊಳಗೆ ಇದ್ದ ಶಾಲೆಗಳು ಮುಂಬಯಿಯಲ್ಲಿ ಇದ್ದವು. ನಮ್ಮವರದೇ. ಕನ್ನಡ ರಾತ್ರಿ ಶಾಲೆಗಳು. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಹಲವು. ಉಡುಪಿ, ಮಂಗಳೂರಿನ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದ ಹುಡುಗರು ಮೇಜು ಒರೆಸಿ, ಲೋಟ ತೊಳೆದು, ಸಂಜೆಗೆ ಅಲ್ಲಿಗೆ ಓಡುತ್ತಿದ್ದರು. ರಾತ್ರಿ ಶಾಲೆಗೆ ಸ್ವಂತ ಕಟ್ಟಡ ಎಂಬುದು ದೂರದ ಮಾತು. ಹಗಲು ಶಾಲೆಯ ಕೋಣೆ, ಹಗಲು ಶಾಲೆಯ ಬೆಂಚು. ನಾಲ್ಕನೇ ಇಯತ್ತೆಯ ಮಕ್ಕಳ ಅಳತೆಗೆ ಮಾಡಿದ ಬೆಂಚಿನಲ್ಲಿ ಮೀಸೆ ಬಂದ ತರುಣರು ಮೊಣಕಾಲು ಮಡಚಿಕೊಂಡು ಕೂರುತ್ತಿದ್ದರು. ಹಾಜರಿ ಪುಸ್ತಕ, ಜನರಲ್ ರಜಿಸ್ಟರು, ಸೀಮೆಸುಣ್ಣ, ಮೊಹರು, ಎಲ್ಲಕ್ಕೂ ಮೂಲೆಯಲ್ಲಿ ಒಂದು ಕಪಾಟು. ಅದರ ಬೀಗ ತೆರೆದರೆ ಶಾಲೆ ಶುರು. ದಾಖಲೆಗೊಂದು ಕಪಾಟು, ಓದುವವನಿಗೊಂದು ಬೆಂಚು, ಇವೆರಡೇ ಸಾಮಾನಿನಲ್ಲಿ ಆ ಶಾಲೆಗಳು ಎಸ್.ಎಸ್.ಸಿ.ವರೆಗೆ ಹುಡುಗರನ್ನು ದಾಟಿಸಿದವು. ಸೋಫಾ ಇಲ್ಲ ಎಂದು ಯಾವುದೂ ನಿಲ್ಲಲಿಲ್ಲ.

ಇಷ್ಟು ಹೊತ್ತಿಗೆ ಬರುವವರು ಕುಳಿತಿದ್ದಾರೆ, ದಾಖಲೆಗಳು ಒಣ ಜಾಗ ಸೇರಿವೆ. ಈಗ ಗುಮಾಸ್ತರು.

ಗುಮಾಸ್ತರ ಮೇಜಿಗೆ ಇಂದು ಎರಡು ಕೆಲಸ. ಕಂಪ್ಯೂಟರು ಹೊರಬೇಕು, ಅಗಲವಾದ ರಜಿಸ್ಟರೂ ಬಿಚ್ಚಿಕೊಳ್ಳಬೇಕು. ಕಂಪ್ಯೂಟರಿಗೆಂದು ಮಾರುವ ಮೇಜುಗಳಲ್ಲಿ ಎರಡನೆಯದಕ್ಕೆ ಜಾಗವೇ ಇರುವುದಿಲ್ಲ. ರಜಿಸ್ಟರು ಕೀಲಿಮಣೆಯ ಮೇಲೆ ಮಲಗುತ್ತದೆ. ಇನ್ನು ಹೊಟ್ಟು ಒತ್ತಿ ಮಾಡಿದ ಹಲಗೆಯ ಮೇಜುಗಳು. ನೋಡಲು ತೇಗದಂತೆ ಹೊಳೆಯುತ್ತವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಉಬ್ಬಿ ಬಿರಿಯುತ್ತವೆ. ಒದ್ದೆ ಬಟ್ಟೆ ತಾಗಿದರೆ ಸಾಕು.

ಕುರ್ಚಿಯ ವಿಷಯದಲ್ಲಿ ನನಗೊಂದು ಹಟವಿದೆ. ಬೆತ್ತ ಹೆಣೆದ ಕುರ್ಚಿ ವಾಪಸು ಬರಬೇಕು. ಮೇ ತಿಂಗಳ ಮುಂಬಯಿಯಲ್ಲಿ ರೆಕ್ಸಿನ್ ಕುರ್ಚಿಯ ಮೇಲೆ ಎಂಟು ತಾಸು ಕೂತವರನ್ನು ಕೇಳಿ. ಅಂಗಿ ಬೆನ್ನಿಗೆ ಅಂಟಿರುತ್ತದೆ. ಸರಕಾರಿ ಕುರ್ಚಿಯ ಬೆನ್ನಿಗೆ ಬಿಳಿ ಟವೆಲು ಬಂದದ್ದು ಅಂತಸ್ತಿಗೆ ಮಾತ್ರ ಅಲ್ಲ, ಬೆವರಿಗೂ ಹೌದು. ಬೆತ್ತದಲ್ಲಿ ಗಾಳಿ ಆಡುತ್ತದೆ. ಬೆತ್ತ ಜೋತರೆ ಕುರ್ಚಿ ಎಸೆಯಬೇಕಿಲ್ಲ, ಮತ್ತೆ ಹೆಣೆದರಾಯಿತು. ಈ ಹೆಣಿಗೆ ದೇಶದ ಎಷ್ಟೋ ಕಡೆ ಕಣ್ಣು ಕಾಣದವರ ಕಸುಬಾಗಿ ಬೆಳೆದದ್ದು. ಅಂಧರ ಶಾಲೆಗಳಲ್ಲಿ ಅದನ್ನು ಕಲಿಸುತ್ತಿದ್ದರು. ಮುಂಬಯಿಯ ತಾರದೇವದಲ್ಲಿ ಅಂಧ ಮಕ್ಕಳ ವಿಕ್ಟೋರಿಯಾ ಮೆಮೋರಿಯಲ್ ಶಾಲೆ 1902ರಿಂದ ಇದೆ. ಸರಕಾರಿ ಕಚೇರಿಗಳಲ್ಲಿ ಕುರ್ಚಿ ಹೆಣೆಯಲೆಂದೇ ಅಂಧರಿಗೆ ಹುದ್ದೆಗಳೂ ಇದ್ದವು. ಬೆರಳಿನಲ್ಲೇ ತೂತು ಎಣಿಸಿ, ಒದ್ದೆ ಬೆತ್ತ ಎಳೆದು ಬಿಗಿ ಮಾಡುವ ಕೆಲಸ ಅದು. ಪ್ಲಾಸ್ಟಿಕ್ ಮತ್ತು ಫೋಮ್ ಬಂದ ಮೇಲೆ ಆ ಹುದ್ದೆಗಳ ಅಗತ್ಯವೇ ಕರಗಿತು. ಶಿಕ್ಷಣ ಇಲಾಖೆಯೇ ಮನಸ್ಸು ಮಾಡಿದರೆ ಆ ಕಸುಬಿಗೆ ಒಂದಿಷ್ಟು ಕೆಲಸ ಹುಟ್ಟುತ್ತದೆ. ಹಾಗೆಯೇ ಪುಣೆಯ ಯರವಡಾ ಜೈಲಿನ ಬಡಗಿ ವಿಭಾಗ. ಅಲ್ಲಿ ಕೈದಿಗಳು ಮಾಡಿದ ಮರದ ಸಾಮಾನು ಸರಕಾರಿ ಕಚೇರಿಗಳಿಗೆ ಹೋಗುತ್ತದೆ. ಗಟ್ಟಿ ಸಾಮಾನು. ಸ್ವಲ್ಪ ಒರಟು, ಆದರೆ ಬಾಳಿಕೆ ಬರುವಂಥದ್ದು.

ಸಾಹೇಬರ ಕೋಣೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಗುಮಾಸ್ತರಿಗೆ ಕೊಟ್ಟಂಥದೇ ಮೇಜು, ಅಷ್ಟೇ ಎತ್ತರದ ಕುರ್ಚಿ. ಎದುರಿಗೆ ನಾಲ್ಕು ಕುರ್ಚಿ, ಒಂದೂ ಸಾಹೇಬರದಕ್ಕಿಂತ ತಗ್ಗಾಗಿರಬಾರದು. ಸೋಫಾ ಬೇಡ. ಸೋಫಾ ಇದ್ದರೆ ಅಲ್ಲಿ ಕೂರುವವರು ಯಾರೆಂದು ಎಲ್ಲರಿಗೂ ಗೊತ್ತು, ಬೆಂಚಿನವರಿಗಂತೂ ಚೆನ್ನಾಗಿ ಗೊತ್ತು.

ಬೆಂಚು, ಹಲಗೆ, ಕಪಾಟು, ಬೆತ್ತದ ಕುರ್ಚಿ, ಸಾಹೇಬರ ಮೇಜು. ಯಾದಿ ಆಯಿತು. ಉಳಿದದ್ದು ಖರೀದಿ. ಇಲ್ಲೇ ಯಾದಿ ತಲೆಕೆಳಗಾಗುವುದು.

ಸರಕಾರಿ ಹಣಕ್ಕೆ ಮಾರ್ಚ್ 31 ಗಡುವು. ಅಷ್ಟರೊಳಗೆ ಖರ್ಚಾಗದ ಹಣ ವಾಪಸು. ಹಾಗಾಗಿ ಸಾಮಾನಿನ ಖರೀದಿ ಫೆಬ್ರವರಿ, ಮಾರ್ಚಿನಲ್ಲಿ ಓಟಕ್ಕೆ ಬೀಳುತ್ತದೆ. ಓಟದಲ್ಲಿ ಕೊಳ್ಳುವುದು ಸಿದ್ಧವಾಗಿ ಸಿಗುವುದನ್ನೇ. 2016ರಿಂದ ಕೇಂದ್ರದ ಆನ್‌ಲೈನ್ ಸರಕಾರಿ ಮಾರುಕಟ್ಟೆ ಇದೆ. ಅಲ್ಲಿ ತಿರುಗುವ ಕುರ್ಚಿ ಒಂದು ಕ್ಲಿಕ್ಕಿಗೆ ಸಿಗುತ್ತದೆ. ಎರಡು ತುದಿಗೆ ಮಾತ್ರ ಕೈ ಇರುವ, ಒಂದೂವರೆ ಅಡಿ ಎತ್ತರದ ತೇಗದ ಬೆಂಚು ಹಾಗೆ ಸಿಗುವುದಿಲ್ಲ. ಅದನ್ನು ಬರೆದು, ಚಿತ್ರ ಬಿಡಿಸಿ, ಅಳತೆ ಕೊಟ್ಟು ಮಾಡಿಸಬೇಕು. ಅದಕ್ಕೆ ತಿಂಗಳುಗಳು ಬೇಕು. ಕಡಿಮೆ ದರ ಹೇಳಿದವರಿಗೇ ಟೆಂಡರು ಹೋಗುವುದರಿಂದ ಹಲಗೆಯ ದಪ್ಪವನ್ನೂ ಬರೆದಿಡಬೇಕು. ಬರೆಯದಿದ್ದರೆ ಒಂದೂವರೆ ಅಂಗುಲದ ಹಲಗೆ ಮುಕ್ಕಾಲು ಅಂಗುಲವಾಗಿ ಬಂದಿಳಿಯುತ್ತದೆ.

ಬಂದಿಳಿದ ಪ್ರತಿ ಸಾಮಾನೂ ಡೆಡ್ ಸ್ಟಾಕ್ ರಜಿಸ್ಟರಿಗೆ, ಅಂದರೆ ಬಾಳಿಕೆ ಸಾಮಾನಿನ ಲೆಕ್ಕದ ಪುಸ್ತಕಕ್ಕೆ, ಏರಬೇಕು. ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು. ಮುರಿದ ಕುರ್ಚಿಯನ್ನೂ ಸುಮ್ಮನೆ ಎಸೆಯುವಂತಿಲ್ಲ, ಕಂಡಮ್ ಮಾಡುವ ಅಧಿಕಾರ ಬೇರೆಯವರದು. ಅವರ ಸಹಿ ಬರುವವರೆಗೆ ಮುರಿದ ಸಾಮಾನು ಪಡಸಾಲೆಯಲ್ಲೇ ಗುಡ್ಡೆಯಾಗುತ್ತದೆ. ಬೆಂಚಿಗೆಂದು ಬಿಟ್ಟ ಜಾಗ ಮೊದಲು ಹೋಗುವುದು ಹೀಗೆ. ಹೊಸ ಕಟ್ಟಡದಲ್ಲಿ ಮುರುಕು ಸಾಮಾನಿಗೇ ಬೀಗ ಹಾಕುವ ಒಂದು ಕೋಣೆ ಇರಲಿ. ವರ್ಷಕ್ಕೊಮ್ಮೆ ಅದನ್ನು ಖಾಲಿ ಮಾಡುವ ತಾರೀಕೂ ಗೊತ್ತಾಗಿರಲಿ. ಜೋಗೇಶ್ವರಿ ಪಶ್ಚಿಮದ ಓಶಿವರಾದಲ್ಲಿ ಹಳೆ ಸಾಮಾನಿನ ದೊಡ್ಡ ಬಜಾರಿದೆ, ಕೊಳ್ಳುವವರಿಗೆ ಬರವಿಲ್ಲ.

ಮುಂಬಯಿಯಲ್ಲಿ ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಮಳೆಯೂ ಅದೇ ವಾರಕ್ಕೆ ಬರುತ್ತದೆ. ದಾಖಲಾತಿ, ವರ್ಗಾವಣೆ, ಹೆಸರಿನ ತಿದ್ದುಪಡಿ, ಎಲ್ಲ ಗುಂಪೂ ಆಗಲೇ. ಒದ್ದೆ ಛತ್ರಿ ಹಿಡಿದ ಜನ ಒಟ್ಟಿಗೆ ಪಡಸಾಲೆಗೆ ನುಗ್ಗುವ ಕಾಲ. ಛತ್ರಿ ನಿಲ್ಲಿಸುವ ಡಬ್ಬಿಯನ್ನು ನಾನು ಯಾದಿಯಲ್ಲಿ ಹೇಳಲೇ ಇಲ್ಲ, ಅದನ್ನೂ ಸೇರಿಸಿಕೊಳ್ಳಿ. ಆ ವಾರಕ್ಕೆ ಬೆಂಚು ಸಿದ್ಧವಿರಬೇಕಾದರೆ ಬಡಗಿಯ ಕೈಗೆ ಅಳತೆ ಹೋಗಬೇಕಾದದ್ದು ದೀಪಾವಳಿ ಮುಗಿದ ಕೂಡಲೇ.